ಸಿ.ಐ.ಡಿ. ೯೯೯ ಚಿತ್ರಗಳೊಳಗೆ ಯಾವುದು ಮೇಲು?

ಕಳೆದ ಪೂರ್ವ ವಿದ್ಯಾರ್ಥಿನಿಯರ ಸಮ್ಮೇಳನದಂದು ಕಾಫಿಯ ವೇಳೆಯಲ್ಲಿ ಎದ್ದ ವಾದವೊಂದು, ಸಭೆಯ ಗಂಟೆ ಬಾರಿಸಿದ ಮೇಲೆಯೂ ನಿಲ್ಲಲಿಲ್ಲವೆಂಬುದು ಅಲ್ಲಿ ನೆರೆದಿದ್ದವರ ನೆನಪಿನಲ್ಲಿರಬಹುದು. ಅದು ಶಾಲೆಯ ವಿಷಯವೂ ಅಲ್ಲ, ಮಕ್ಕಳ ಮದುವೆಯ ವಿಷಯವೂ ಅಲ್ಲ, ಡಾ. ರಾಜಕುಮಾರರು ಪತ್ತೇದಾರ ಪ್ರಕಾಶನಾಗಿ ಅಭಿನಯಿಸಿದ ಸಿ.ಐ.ಡಿ. ೯೯೯ ಚಿತ್ರಗಳೊಳಗೆ ಯಾವುದು ಮೊದಲನೆಯ ದರ್ಜೆಯದು ಎಂಬುದು. ಮುಖ್ಯೋಪಾಧ್ಯಾಯಿನಿಯ ಲೇಖನಿಗೆ ಇದು ತಕ್ಕ ವಿಷಯವೇ ಎಂದು ಕೆಲವರು ಹುಬ್ಬೇರಿಸಿಯಾರು. ಆದರೆ ದರ್ಜೆ ಕೊಡುವುದೇ ನಮ್ಮ ವೃತ್ತಿಯಾಗಿರುವಾಗ, ಬೇರೆಯವರು ಹೇಗೆ ದರ್ಜೆ ಕೊಡುವರೆಂಬುದನ್ನು ವಿಚಾರಿಸಿ ನೋಡುವುದರಲ್ಲಿ ತಪ್ಪೇನೂ ನಮಗೆ ಕಾಣಲಿಲ್ಲ.

ಮೊದಲು ಚಿತ್ರಗಳ ಸಂಗತಿ. ೧೯೬೮ರಲ್ಲಿ ‘ಜೇಡರ ಬಲೆ’ ತೆರೆಗೆ ಬಂದಿತು. ದೊರೆ ಮತ್ತು ಭಗವಾನ್ ಎಂಬ ಇಬ್ಬರು ನಿರ್ದೇಶಕರ ಜೋಡಿಯು ಇದನ್ನು ನಿರ್ಮಿಸಿತು. ಇಂಗ್ಲೆಂಡಿನ ಗೂಢಚಾರ ಜೇಮ್ಸ್ ಬಾಂಡನ ಚಿತ್ರಗಳು ೧೯೬೨ರಲ್ಲಿ ಆರಂಭವಾಗಿ ಲೋಕವನ್ನೆಲ್ಲಾ ಮರುಳುಗೊಳಿಸಿದ್ದ ಕಾಲವದು. ಅವನಿಗೆ ಸೊನ್ನೆ ಸೊನ್ನೆ ಏಳು, ನಮ್ಮವನಿಗೆ ಮೂರು ಒಂಬತ್ತು. ಅದೇ ೧೯೬೮ರಲ್ಲಿ ‘ಗೋವಾದಲ್ಲಿ ಸಿ.ಐ.ಡಿ. ೯೯೯’, ಮರುವರ್ಷ ‘ಆಪರೇಷನ್ ಜಾಕ್‌ಪಾಟ್‌ನಲ್ಲಿ ಸಿ.ಐ.ಡಿ. ೯೯೯’ ಬಂದವು. ಈ ಮೂರೂ ಕಪ್ಪು ಬಿಳುಪಿನವು. ಬಳಿಕ ಒಂಬತ್ತು ವರ್ಷಗಳ ಮೌನ. ೧೯೭೮ರಲ್ಲಿ ‘ಆಪರೇಷನ್ ಡೈಮಂಡ್ ರಾಕೆಟ್’ ವರ್ಣದಲ್ಲಿ ಬಂದಿತು. ಸರಣಿಯು ಅಲ್ಲಿಗೇ ನಿಂತಿತು. ಬಾಂಡನ ಚಿತ್ರಗಳಾದರೋ ೨೦೨೧ರ ಹೊತ್ತಿಗೆ ೨೫ ಆಗಿದ್ದವು. ನಾಲ್ಕನ್ನು ಸಾಲಾಗಿ ನಿಲ್ಲಿಸಲು ಇಷ್ಟು ಜಗಳವಾದರೆ, ಇಪ್ಪತ್ತೈದನ್ನು ನಿಲ್ಲಿಸುವವರ ಗತಿಯೇನೋ!

ಈ ವಾದಕ್ಕೆ ನಮ್ಮ ಜಿಲ್ಲೆಯವರಿಗೆ ಒಂದು ವಿಶೇಷವಾದ ಹಕ್ಕೂ ಉಂಟು. ರಾಜಕುಮಾರರು ಬಾಲ್ಯದಲ್ಲಿ ಬಣ್ಣ ಹಚ್ಚಿ ಕಲಿತದ್ದು ಗುಬ್ಬಿ ವೀರಣ್ಣನವರ ನಾಟಕ ಕಂಪೆನಿಯಲ್ಲಿ. ನಾಯಕರಾಗಿ ಮೊದಲು ಕಾಣಿಸಿಕೊಂಡ ೧೯೫೪ರ ‘ಬೇಡರ ಕಣ್ಣಪ್ಪ’ವೂ ಗುಬ್ಬಿಯವರದೇ ಸಂಸ್ಥೆಯ ಚಿತ್ರ. ಅದೇ ಚಿತ್ರದಿಂದ ತೆರೆಗೆ ಬಂದು, ಮುಂದೆ ಪತ್ತೇದಾರನ ಸಂಗಡ ನಮ್ಮನ್ನು ನಗಿಸಿದ ನರಸಿಂಹರಾಜು ಅವರು ತಿಪಟೂರಿನವರು. ಗುಬ್ಬಿಯ ಹಿರಿಯರು ಕಂಪೆನಿಯ ನಾಟಕಗಳನ್ನು ಒಂದಕ್ಕೊಂದು ತೂಗಿ ನೋಡುತ್ತಿದ್ದವರು. ಅವರ ಮೊಮ್ಮಕ್ಕಳು ಚಿತ್ರಗಳನ್ನು ತೂಗಿದರೆ ಆಶ್ಚರ್ಯವೇನು?

ಸಮ್ಮೇಳನವು ಮುಗಿದ ಮೇಲೆ ನಾವು ಒಂಬತ್ತನೆಯ ತರಗತಿಯ ಬಾಲಿಕೆಯರಿಗೆ ಒಂದು ಪ್ರಬಂಧವನ್ನು ಕೊಟ್ಟೆವು: ಮನೆಯಲ್ಲಿ ತಾಯಿ, ಅಜ್ಜಿ, ಅತ್ತೆಯರನ್ನು ಕೇಳಿ, ಅವರು ಈ ನಾಲ್ಕು ಚಿತ್ರಗಳನ್ನು ಯಾವ ಕ್ರಮದಲ್ಲಿ ಇಡುವರೆಂಬುದನ್ನೂ, ಕಾರಣವನ್ನೂ ಬರೆದು ತರತಕ್ಕದ್ದು. ಕ್ರಮವನ್ನು ಎಲ್ಲರೂ ತಡೆಯಿಲ್ಲದೆ ಬರೆದಿದ್ದರು. ಕಾರಣದ ಕಡೆಯಲ್ಲಿಯೇ ಸ್ವಾರಸ್ಯವಿದ್ದುದು.

ಕಥೆಯ ಬಿಗಿಯನ್ನು ಕಾರಣವಾಗಿ ಕೊಟ್ಟವರು ‘ಜೇಡರ ಬಲೆ’ಯನ್ನೇ ಮೊದಲಿಟ್ಟರು. ಅಗ್ಗದ ಲೋಹವನ್ನು ಚಿನ್ನವನ್ನಾಗಿ ಮಾಡುವ ಸೂತ್ರ, ಅದರ ಹಿಂದೆ ಬಿದ್ದ ದುಷ್ಟರು — ಇದರಲ್ಲಿ ಕುತೂಹಲಕ್ಕೆ ಕೊರತೆಯಿಲ್ಲ. (ವಿಜ್ಞಾನದ ವಿದ್ಯಾರ್ಥಿನಿಯರಿಗೆ ಒಂದು ಮಾತು: ೧೯೮೦ರಲ್ಲಿ ಅಮೆರಿಕದ ವಿಜ್ಞಾನಿ ಗ್ಲೆನ್ ಸೀಬೋರ್ಗರು ಬಿಸ್ಮತ್ ಎಂಬ ಲೋಹದ ಕೆಲವು ಪರಮಾಣುಗಳನ್ನು ನಿಜವಾಗಿಯೂ ಚಿನ್ನವಾಗಿಸಿದರು, ಅದಕ್ಕೆ ತಗಲಿದ ವೆಚ್ಚವು ಆ ಚಿನ್ನದ ಬೆಲೆಗಿಂತ ಎಷ್ಟೋ ಪಾಲು ಹೆಚ್ಚು.) ಗೋವಾದ ಚಿತ್ರವನ್ನು ಮೆಚ್ಚಿದವರು ಊರಿನ ಹೊಸತನವನ್ನೂ, ಲಕ್ಷ್ಮಿಯವರನ್ನು ಕನ್ನಡದಲ್ಲಿ ಮೊದಲ ಸಲ ಕಂಡ ಸಂತೋಷವನ್ನೂ ನೆನೆದರು. ಆ ನಾಡು ಪೋರ್ಚುಗೀಸರಿಂದ ಬಿಡುಗಡೆಯಾಗಿ ಆಗ ಇನ್ನೂ ಏಳು ವರ್ಷ ತುಂಬುತ್ತಲಿತ್ತು. ‘ಜಾಕ್‌ಪಾಟ್’ಗೆ ಬೆಂಬಲ ತೀರ ಕಡಮೆ, ಮುಂದೆ ಹಿಂದಿಯಲ್ಲಿ ಹೆಸರಾದ ರೇಖಾ ಅವರು ಅದರಲ್ಲಿದ್ದರೆಂಬುದಕ್ಕಿಂತ ಹೆಚ್ಚನ್ನು ಯಾರೂ ಬರೆಯಲಿಲ್ಲ. ನಾಲ್ಕನೆಯದನ್ನು ಮೇಲೆ ಕೂರಿಸಿದವರಿಗೆ ಬಣ್ಣವೂ ಹಾಡೂ ಮುಖ್ಯ. ಮೊದಲಿನ ಚಿತ್ರಗಳ ಕಾಲದಲ್ಲಿ ರಾಜಕುಮಾರರಿಗೆ ಪಿ.ಬಿ. ಶ್ರೀನಿವಾಸರ ಕಂಠವಿತ್ತು, ೧೯೭೪ರ ‘ಸಂಪತ್ತಿಗೆ ಸವಾಲ್’ ಚಿತ್ರದಿಂದೀಚೆಗೆ ಅವರೇ ಹಾಡತೊಡಗಿದರು. ಆದುದರಿಂದ ‘ಡೈಮಂಡ್ ರಾಕೆಟ್’ನಲ್ಲಿ ಅವರ ಸ್ವಂತ ಕಂಠದ ಇಂಗ್ಲಿಷ್ ಗೀತೆಯೊಂದು ದೊರೆಯಿತು, ಅದನ್ನು ಇಂದಿಗೂ ಹಾಡುವರು.

ಆದರೆ ಪ್ರಬಂಧಗಳನ್ನು ಎರಡನೆಯ ಸಲ ಓದುವಾಗ ಬೇರೊಂದು ಸಂಗತಿಯು ಕಾಣಬಂದಿತು. ಕಾರಣವೆಂದು ಬರೆದದ್ದು ಒಂದು. ಕ್ರಮವನ್ನು ನಿಶ್ಚಯಿಸಿದ್ದು ಮತ್ತೊಂದು. ಕುಣಿಗಲಿನ ಅಜ್ಜಿಯೊಬ್ಬರು ಗೋವಾದ ಚಿತ್ರವನ್ನು ಟೆಂಟಿನಲ್ಲಿ ಮೊದಲು ನೋಡಿ, ‘ಜೇಡರ ಬಲೆ’ಯನ್ನು ಬಹುಕಾಲದ ಮೇಲೆ ನೋಡಿದವರು; ಅವರಿಗೆ ಎರಡನೆಯದೇ ಮೂಲ, ಮೊದಲನೆಯದು ಅದರ ಅನುಕರಣೆ! ಗುಬ್ಬಿಯ ಇನ್ನೊಬ್ಬರು ತುಮಕೂರಿಗೆ ಬಂದು ನೋಡಿದ್ದೇನೋ ಸರಿ. ರಾತ್ರಿಯ ರೈಲು ತಪ್ಪೀತೆಂದು ತಂದೆಯವರು ಕೊನೆಯ ಭಾಗಕ್ಕೆ ಮುಂಚೆಯೇ ಎಬ್ಬಿಸಿಕೊಂಡು ಹೋದರಂತೆ. ಅಂತ್ಯವನ್ನೇ ಕಾಣದ ಆ ಚಿತ್ರಕ್ಕೆ ಅವರು ಕೊಟ್ಟದ್ದು ಮೊದಲನೆಯ ಸ್ಥಾನ. ೧೯೭೮ರಲ್ಲಿ ಶಾಲೆಯಲ್ಲಿದ್ದವರಿಗೆ ನಾಲ್ಕನೆಯದೇ ಮೊದಲು. ಬಾಂಡನ ಪಾತ್ರದಲ್ಲಿ ತಾವು ಮೊದಲು ಕಂಡ ನಟನೇ ನಿಜವಾದ ಬಾಂಡನೆಂದು ಸಾಧಿಸುವವರೂ ಇದೇ ಜಾತಿಯವರು.

ನಮ್ಮ ಎಣಿಕೆಯನ್ನೂ ಹೇಳದಿದ್ದರೆ ನ್ಯಾಯವಾಗದು: ‘ಜೇಡರ ಬಲೆ’, ‘ಡೈಮಂಡ್ ರಾಕೆಟ್’, ಗೋವಾ, ಜಾಕ್‌ಪಾಟ್. ಈ ಕ್ರಮವು ಕಥೆಯನ್ನು ತೂಗಿ ಬಂದದ್ದೆಂದು ನಾವು ನಂಬಿದ್ದೆವು. ಈಗ ಅಷ್ಟು ಧೈರ್ಯವಿಲ್ಲ.

ನಮ್ಮ ತಾಯಿಯವರು ಕುಣಿಗಲಿನವರು. ೧೯೬೮ರಲ್ಲಿ ಇದೇ ಶಾಲೆಯ ವಸತಿಗೃಹದಲ್ಲಿದ್ದರು. ಚಲಚ್ಚಿತ್ರಕ್ಕೆ ಹೋಗಲು ವಸತಿಗೃಹದ ಬಾಲಿಕೆಯರಿಗೆ ಅನುಮತಿಯಿರಲಿಲ್ಲ. ಗುಬ್ಬಿಯಿಂದ ದಿನವೂ ರೈಲಿನಲ್ಲಿ ಬರುತ್ತಿದ್ದ ಸಹಪಾಠಿಯೊಬ್ಬಳು ‘ಜೇಡರ ಬಲೆ’ಯನ್ನು ನೋಡಿಬಂದು, ಮಧ್ಯಾಹ್ನದ ಬುತ್ತಿಯ ವೇಳೆಯಲ್ಲಿ ಹುಣಿಸೆಮರದ ಕೆಳಗೆ ಅದನ್ನು ಒಂದು ವಾರದ ಪರ್ಯಂತ ಹೇಳಿದಳು, ಹೊಡೆದಾಟಗಳನ್ನು ಮಾಡಿಯೂ ತೋರಿಸಿದಳು. ಆ ಬೇಸಿಗೆಯ ನಂತರ ಅವಳು ಶಾಲೆಗೆ ಬರಲಿಲ್ಲ. ಮದುವೆಯಾಯಿತೆಂದು ಯಾರೋ ಹೇಳಿದರಂತೆ. ತಾಯಿಯವರು ನಮಗೆ ಚಿಕ್ಕಂದಿನಲ್ಲಿ ಹೇಳಿದ್ದು ಅವಳ ಕಥೆಯನ್ನೇ. ನಮ್ಮ ಮೊದಲನೆಯ ದರ್ಜೆಯು ಅಲ್ಲಿಂದಲೇ ಬಂದದ್ದೆಂದು ಕಾಣುತ್ತದೆ.

೧೯೯೦ರ ದಶಕದಲ್ಲಿ ಒಂದು ದಿನ ದೂರದರ್ಶನದಲ್ಲಿ ಆ ಚಿತ್ರವು ಬಂದಾಗ ತಾಯಿಯವರು ಕೆಲಸವನ್ನೆಲ್ಲಾ ಮುಂಚಿತವಾಗಿ ಮುಗಿಸಿ ಕುಳಿತರು. ಮುಗಿದ ಮೇಲೆ ಬಹಳ ಹೊತ್ತು ಮಾತಾಡಲಿಲ್ಲ. “ಹೇಗಿತ್ತಮ್ಮ?” ಎಂದು ಕೇಳಿದೆವು.

“ಚೆನ್ನಾಗಿದೆ. ಆದರೆ ಅವಳು ಹೇಳಿದ ಹಾಗಿಲ್ಲ,” ಎಂದರು.

ಅಂದಿನಿಂದ ಇಂದಿನವರೆಗೆ ಅವರ ಪಟ್ಟಿಯು ಬದಲಾಗಿಲ್ಲ. ಮೊದಲನೆಯದು ‘ಜೇಡರ ಬಲೆ’, ಗುಬ್ಬಿಯವಳು ಹೇಳಿದ್ದು, ಎರಡನೆಯದು ‘ಜೇಡರ ಬಲೆ’, ರಾಜಕುಮಾರರು ಅಭಿನಯಿಸಿದ್ದು, ಉಳಿದವು ಬಳಿಕ.

ಈ ಸಂಚಿಕೆಯು ನಮ್ಮ ಹಳೆಯ ವಿದ್ಯಾರ್ಥಿನಿಯರಿರುವ ಊರುಗಳಿಗೆಲ್ಲಾ ಹೋಗುವುದಷ್ಟೆ. ೧೯೬೮ರಲ್ಲಿ ಗುಬ್ಬಿಯಿಂದ ರೈಲಿನಲ್ಲಿ ಬಂದು ಹುಣಿಸೆಮರದ ಕೆಳಗೆ ಕಥೆ ಹೇಳಿದ ಆ ಸೋದರಿಯು ಇದನ್ನು ಓದಿದಲ್ಲಿ ಶಾಲೆಯ ವಿಳಾಸಕ್ಕೆ ಒಂದು ಕಾಗದವನ್ನು ಬರೆಯಬೇಕಾಗಿ ಕೋರುತ್ತೇವೆ. ಉಳಿದ ಮೂರು ಚಿತ್ರಗಳನ್ನು ತಾವು ನೋಡಿದಿರೋ, ನೋಡಿದ್ದರೆ ಯಾವ ಕ್ರಮದಲ್ಲಿ ಇಡುವಿರೋ ಎಂಬುದನ್ನು ನಮ್ಮ ತಾಯಿಯವರು ತಿಳಿಯಬಯಸುತ್ತಾರೆ.