ಹೈವೇ ಬಿಡು, ಟ್ರ್ಯಾಕಿಗೆ ಹೋಗುವ!

ಪೆರ್ನಾಳ್ ಕಳೆದು ಎರಡು ವಾರ ಆಗಿತ್ತಷ್ಟೆ. ಒಂದು ರಾತ್ರಿ ಅಕ್ಕ ಫೋನ್ ಮಾಡಿ ಅತ್ತಳು. ಇಶಾ ಮುಗಿಸಿ "ಚಾ ಕುಡಿದು ಬರ್ತೇನೆ ಉಮ್ಮಾ" ಅಂತ ಸ್ವಿಫ್ಟ್ ತೆಗೆದುಕೊಂಡು ಹೋದ ಮಗ ಗೆಳೆಯರ ಜೊತೆ ಹೆದ್ದಾರಿ 66ರಲ್ಲಿ ರೇಸ್ ಮಾಡುತ್ತಿದ್ದ ವಿಡಿಯೊ ಅವಳ ಮೊಬೈಲಿಗೇ ಬಂದಿತ್ತು. ಸ್ಪೀಡೋಮೀಟರಿನ ಮುಳ್ಳು 140ರ ಹತ್ತಿರ. ಹಿಂದಿನಿಂದ ಯಾರೋ ನಗುವ ಸದ್ದು. ಕರಾವಳಿಯಲ್ಲಿ ಇಂಥ ಫೋನ್ ಬಾರದ ಮನೆಗಳು ಕಡಿಮೆ. ಇದಕ್ಕಿಂತ ಕೆಟ್ಟ ಫೋನ್ ಬಂದ ಮನೆಗಳೂ ಉಂಟು, ಅದು ಓದುಗರಿಗೆ ಗೊತ್ತಿಲ್ಲದ್ದಲ್ಲ.

ನಾವು ಅಂದರೆ ಅವನ ಮಾಮಂದಿರು ಇಬ್ಬರು. ಒಬ್ಬರು ಊರಲ್ಲೇ ಇರುವವರು, ಇನ್ನೊಬ್ಬರು ದುಬೈಯಿಂದ ರಜೆಯಲ್ಲಿ ಬಂದವರು. ಬೈದೆವು. ಮೋಟಾರು ವಾಹನ ಕಾಯ್ದೆಯ 189ನೇ ಸೆಕ್ಷನ್ ಓದಿ ಹೇಳಿದೆವು: ರಸ್ತೆಯಲ್ಲಿ ರೇಸ್ ಮಾಡಿ ಮೊದಲ ಸಲ ಸಿಕ್ಕಿಬಿದ್ದರೆ 3 ತಿಂಗಳವರೆಗೆ ಜೈಲು ಅಥವಾ 5,000 ರೂಪಾಯಿವರೆಗೆ ದಂಡ ಅಥವಾ ಎರಡೂ, ಮತ್ತೆ ಸಿಕ್ಕಿಬಿದ್ದರೆ 1 ವರ್ಷ, 10,000. ಹದಿನೆಂಟು ತುಂಬದ ಹುಡುಗನ ಕೈಗೆ ಕೀ ಕೊಟ್ಟರೆ 2019ರ ತಿದ್ದುಪಡಿಯ ಪ್ರಕಾರ ತಂದೆಗೋ ಗಾಡಿಯ ಮಾಲಕನಿಗೋ 25,000 ದಂಡದ ಜೊತೆ 3 ವರ್ಷದವರೆಗೆ ಜೈಲು. ಹುಡುಗ ತಲೆ ತಗ್ಗಿಸಿ ಎಲ್ಲ ಕೇಳಿದ. ಕೊನೆಗೆ ಒಂದೇ ಮಾತು ಹೇಳಿದ. "ಮಾಮ, ಮತ್ತೆ ನಾವು ಎಲ್ಲಿ ಓಡಿಸುದು?"

ಅವನ ಪ್ರಶ್ನೆಯಲ್ಲಿ ತಪ್ಪಿರಲಿಲ್ಲ. ವೇಗದ ಹುಚ್ಚು ಬೈಗುಳಕ್ಕೆ ಇಳಿಯುವಂಥದ್ದಲ್ಲ, ಅದಕ್ಕೆ ಬೇರೆ ಜಾಗ ಬೇಕು. ದುಬೈಯಲ್ಲಿ 2004ರಿಂದ ಆಟೋಡ್ರೋಮ್ ಉಂಟು. ಸಾಮಾನ್ಯ ಜನ ದುಡ್ಡು ಕೊಟ್ಟು ಅಲ್ಲಿ ಕಾರು ಓಡಿಸುವುದನ್ನು ನಮ್ಮಲ್ಲೊಬ್ಬರು ಬದಿಯಲ್ಲಿ ನಿಂತು ನೋಡಿದ್ದರು. ನಮಗೆ ಹತ್ತಿರದ್ದು ಕೊಯಮತ್ತೂರಿನ ಚೆಟ್ಟಿಪಾಳಯದ ಕರಿ ಮೋಟಾರ್ ಸ್ಪೀಡ್‌ವೇ. ಸುತ್ತಳತೆ 2.1 ಕಿಲೋಮೀಟರ್. ಚೆನ್ನೈ ಬಳಿಯ ಇರುಂಗಾಟ್ಟುಕೋಟ್ಟೈ ಟ್ರ್ಯಾಕ್ ಇನ್ನೂ ಉದ್ದ, 3.7 ಕಿಲೋಮೀಟರ್. ಆದರೆ ಮೊದಲ ಸಲಕ್ಕೆ ಅಷ್ಟು ದೂರ ಬೇಡ ಅಂತ ಕಂಡಿತು. ಕೋಝಿಕ್ಕೋಡ್, ಪಾಲಕ್ಕಾಡ್ ದಾಟಿದರೆ ಕೊಯಮತ್ತೂರು. ಸ್ವಂತ ಕಾರು ತಂದವರಿಗೆ ಓಡಿಸಲು ಬಿಡುವ 'ಟ್ರ್ಯಾಕ್ ಡೇ' ಇರುವ ದಿನ ನೋಡಿ ಹೆಸರು ಬರೆಸಿದೆವು.

"ಇದೆಲ್ಲ ನಮ್ಮವರಿಗೆ ಎಂತಕ್ಕೆ?" ಅಂತ ಅಕ್ಕ ಕೇಳಿದಳು. ಗೌರವ್ ಗಿಲ್ ಪಕ್ಕದಲ್ಲಿ ನ್ಯಾವಿಗೇಟರ್ ಆಗಿ ಕೂತು ರಾಷ್ಟ್ರೀಯ ರ‍್ಯಾಲಿ ಚಾಂಪಿಯನ್‌ಶಿಪ್ ಗೆದ್ದ ಮೂಸಾ ಶರೀಫ್ ಇಲ್ಲೇ ಕಾಸರಗೋಡಿನವರು ಅಂದೆವು. ಅವಳಿಗೆ ಪೂರ್ತಿ ಸಮಾಧಾನ ಆಗಲಿಲ್ಲ. ಆದರೂ ಹೈವೇಗಿಂತ ವಾಸಿ ಅಂತ ಒಪ್ಪಿದಳು.

ಒಂದು ವಿಷಯ ಮೊದಲೇ ಹೇಳಿಬಿಡುತ್ತೇವೆ. ಟ್ರ್ಯಾಕ್ ಡೇ ರೇಸ್ ಅಲ್ಲ. ಅಲ್ಲಿ ಯಾರೂ ಗೆಲ್ಲುವುದಿಲ್ಲ, ಕಪ್ ಇಲ್ಲ, ಪಂದ್ಯ ಕಟ್ಟುವುದೂ ಇಲ್ಲ. ಎದುರಿನಿಂದ ಲಾರಿ ಬರುವುದಿಲ್ಲ, ಅಡ್ಡ ದನ ಬರುವುದಿಲ್ಲ, ಬದಿಯಲ್ಲಿ ಮದ್ರಸ ಬಿಟ್ಟ ಮಕ್ಕಳಿಲ್ಲ. ಆದರೆ ಖರ್ಚಿನ ಕೆಲಸ ಹೌದು. ಟಯರ್, ಬ್ರೇಕ್ ಪ್ಯಾಡ್, ಪೆಟ್ರೋಲ್ ಮೂರೂ ರಸ್ತೆಗಿಂತ ಎಷ್ಟೋ ಬೇಗ ಮುಗಿಯುತ್ತವೆ. ಇನ್ಶೂರೆನ್ಸ್ ಪಾಲಿಸಿ ತೆಗೆದು ಸಣ್ಣ ಅಕ್ಷರ ಓದಿ. ರೇಸಿಂಗ್, ವೇಗ ಪರೀಕ್ಷೆಗೆ ಗಾಡಿ ಬಳಸಿದರೆ ಪಾಲಿಸಿ ಅನ್ವಯಿಸುವುದಿಲ್ಲ ಅಂತ ಅಲ್ಲಿ ಬರೆದಿರುತ್ತದೆ. ಗೋಡೆಗೆ ಗುದ್ದಿದರೆ ಪೂರ್ತಿ ನಮ್ಮ ಕಿಸೆಯಿಂದಲೇ. ಸಾಲದ ಕಾರಿನಲ್ಲಿ, ಭಾವನ ಕಾರಿನಲ್ಲಿ, ಮದುವೆಗೆ ಸಿಕ್ಕಿದ ಹೊಸ ಕಾರಿನಲ್ಲಿ ಹೋಗಬೇಡಿ. ಗುದ್ದಿದರೂ ಮನೆ ಮುಳುಗದಂಥ ಕಾರು ಸಾಕು. ನಮ್ಮದು ಒಂಬತ್ತು ವರ್ಷ ಹಳೆಯ ಸ್ವಿಫ್ಟ್.

ಬ್ರೇಕ್ ಆಯಿಲ್ ಕಲಿಸಿದ ಪಾಠ

ಹೊರಡುವ ವಾರ ಊರಿನ ಮೆಕ್ಯಾನಿಕ್ ಹತ್ತಿರ ಗಾಡಿ ಬಿಟ್ಟೆವು. ಎಂಜಿನ್ ಆಯಿಲ್ ಹೊಸತು ಹಾಕಿಸಿದೆವು, ಡಿಪ್‌ಸ್ಟಿಕ್ಕಿನ ಮೇಲಿನ ಗೆರೆಯವರೆಗೆ, ಅದಕ್ಕಿಂತ ಮೇಲೆ ಇಲ್ಲ. ರೇಡಿಯೇಟರಿನಲ್ಲಿ ಕೂಲಂಟ್ ಬದಲು ಬಾವಿ ನೀರೇ ಇತ್ತು. ನಮ್ಮಲ್ಲಿ ಇದು ಮಾಮೂಲು. ಅದನ್ನು ಚೆಲ್ಲಿ ಕೂಲಂಟ್ ತುಂಬಿಸಿದೆವು. ಪ್ಯಾಡ್ ಅರ್ಧಕ್ಕಿಂತ ಹೆಚ್ಚು ಇತ್ತು. "ಬ್ರೇಕ್ ಆಯಿಲ್ ಎಲ್ಲ ಫುಲ್ ಉಂಟು" ಅಂದರು. ನಾವೂ ಬಾಟಲಿಯ ಹೊರಗಿನಿಂದ ಲೆವೆಲ್ ನೋಡಿ ಹೌದು ಅಂದೆವು. ಆಯಿಲ್ ಎಷ್ಟು ಹಳತು ಅಂತ ಕೇಳಲಿಲ್ಲ.

ಕೊಯಮತ್ತೂರಿನಲ್ಲಿ ಮೊದಲ ಸರದಿಯ ಐದನೇ ಸುತ್ತು. ಉದ್ದದ ನೇರ ದಾರಿಯ ತುದಿಯಲ್ಲಿ ಹುಡುಗ ಬ್ರೇಕ್ ಒತ್ತಿದರೆ ಪೆಡಲ್ ಸ್ಪಂಜಿನ ಹಾಗೆ ಕೆಳಗೆ ಹೋಯಿತು. ಎರಡು ಸಲ ಪಂಪ್ ಮಾಡಿದ ಮೇಲೆ ಸ್ವಲ್ಪ ಹಿಡಿಯಿತು. ತಿರುವಿನ ಹೊರಗಿನ ಮಣ್ಣಿಗೆ ಇಳಿದು, ಧೂಳೆಬ್ಬಿಸಿ ನಿಂತಿತು. ಯಾರಿಗೂ ಏನೂ ಆಗಲಿಲ್ಲ, ಅಲ್ಹಂದುಲಿಲ್ಲಾಹ್. ಅವನು ಪಿಟ್‌ಗೆ ಬಂದು ಇಳಿದಾಗ ಕೈ ನಡುಗುತ್ತಿತ್ತು. ನಮ್ಮ ಕೈಯೂ.

ಪಕ್ಕದ ಶೆಡ್ಡಿನಲ್ಲಿ ಹಳೇ ಎಸ್ಟೀಮ್ ಇಟ್ಟುಕೊಂಡಿದ್ದ ಹಿರಿಯರೊಬ್ಬರು ಬಂದು ನಮ್ಮ ಬ್ರೇಕ್ ಆಯಿಲ್ ಬಾಟಲಿಯ ಮುಚ್ಚಳ ತೆಗೆದು ನೋಡಿದರು. ಹೊಸ ಆಯಿಲ್ ತೆಳು ಹಳದಿ ಇರುತ್ತದೆ. ನಮ್ಮದು ಕಟ್ಟನ್ ಚಾಯದ ಬಣ್ಣ. ಬ್ರೇಕ್ ಆಯಿಲ್ ಗಾಳಿಯ ತೇವವನ್ನು ಹೀರುತ್ತದೆ. ಡಾಟ್ 3 ಅಂತ ಬರೆದಿರುವ ಆಯಿಲ್ ಹೊಸತಿದ್ದಾಗ ಕಡಿಮೆಯೆಂದರೂ 205 ಡಿಗ್ರಿವರೆಗೆ ಕುದಿಯಬಾರದು ಅಂತ ಮಾನದಂಡ. ತೇವ ಹೀರಿದ ಮೇಲೆ ಆ ಲೆಕ್ಕ 140ಕ್ಕೆ ಇಳಿಯುತ್ತದೆ. ಡಾಟ್ 4ಕ್ಕೆ 230 ಮತ್ತು 155. ಟ್ರ್ಯಾಕಿನಲ್ಲಿ ಸುತ್ತು ಸುತ್ತಿಗೂ ಜೋರಾಗಿ ಬ್ರೇಕ್ ಒತ್ತುವಾಗ ಆ ಬಿಸಿ ಆಯಿಲನ್ನೇ ಕುದಿಸುತ್ತದೆ, ಪೈಪಿನೊಳಗೆ ಆವಿಯ ಗುಳ್ಳೆ ಹುಟ್ಟುತ್ತದೆ. ಕಾಲು ಒತ್ತುವುದು ಆಯಿಲನ್ನಲ್ಲ, ಗುಳ್ಳೆಯನ್ನು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಟ್ಟೆಯೇ ಒಣಗದ ನಮ್ಮ ಊರಿನಲ್ಲಿ ನಾಲ್ಕು ವರ್ಷ ಅದೇ ಆಯಿಲ್ ಇದ್ದರೆ ಬೇರೆ ಎಂತ ಆಗಬೇಕು?

ಆ ಹಿರಿಯರು ಕೇಳಿದ್ದು ಒಂದೇ. "ನಿಮ್ಮ ಊರಿಗೆ ಘಾಟಿ ಇಳಿಯಲು ಉಂಟಲ್ಲ?" ಶಿರಾಡಿ, ಚಾರ್ಮಾಡಿ ಕಣ್ಣ ಮುಂದೆ ಬಂತು. ಮಳೆಗಾಲಕ್ಕೆ ಮೊದಲು ಇಡೀ ಕುಟುಂಬ ಕೂರಿಸಿಕೊಂಡು ಇದೇ ಕಾರಿನಲ್ಲಿ, ಇದೇ ಆಯಿಲಿನಲ್ಲಿ ಇಳಿದು ಬಂದವರು ನಾವು.

ಪೇಟೆಗೆ ಹೋಗಿ ಡಾಟ್ 4 ತಂದು, ನಾಲ್ಕೂ ಚಕ್ರದಿಂದ ಹಳತನ್ನು ಹೊರಗೆ ಬಿಡಿಸಿ ಹೊಸತು ತುಂಬಿಸುವಾಗ ಎರಡನೇ ಸರದಿ ತಪ್ಪಿತು. ಕೆಲವು ನೂರು ರೂಪಾಯಿಯ ಕೆಲಸ. ಟ್ರ್ಯಾಕಿಗೆ ಹೋಗದವರೂ ಎರಡು ವರ್ಷಕ್ಕೊಮ್ಮೆ ಮಾಡಿಸಬೇಕಾದ್ದು. ಲೆವೆಲ್ ಮಾತ್ರ ನೋಡಿ ಬಿಡುವುದಲ್ಲ, ಬದಲಿಸಿ ಅಂತಲೇ ಹೇಳಬೇಕು. ಒಂಟೆ ಕಟ್ಟಿ ತವಕ್ಕುಲ್ ಮಾಡುವ ಹದೀಸ್ ಮದ್ರಸದಲ್ಲಿ ಕಲಿತವರು ನಾವೆಲ್ಲ. ಹಗ್ಗ ಹಳತಾಗಿದೆಯಾ ಅಂತ ನೋಡುವುದು ಮರೆತಿದ್ದೆವು.

ಕಾರಿನೊಳಗೆ, ಮೈಮೇಲೆ

ಉಳಿದ ತಯಾರಿ ಸಣ್ಣದು. ಆದರೆ ಬಿಡುವ ಹಾಗಿಲ್ಲ. ಕಾರಿನೊಳಗೆ ಸಡಿಲ ಇರುವುದೆಲ್ಲ ಹೊರಗೆ ಬರಬೇಕು: ಸ್ಟೆಪ್ನಿ, ಜಾಕಿ, ನೀರಿನ ಬಾಟಲಿ, ಕೊಡೆ, ಹಿಂದಿನ ಸೀಟಿನ ಅಡಿಯಲ್ಲಿ ವರ್ಷಗಳಿಂದ ಬಿದ್ದಿರುವ ಮಗುವಿನ ಚಪ್ಪಲಿ. ಚಾಲಕನ ಕಾಲಡಿಯ ಮ್ಯಾಟ್ ಮುಖ್ಯವಾಗಿ ಹೋಗಬೇಕು. ಜಾರಿ ಪೆಡಲ್ ಅಡಿಗೆ ಸಿಕ್ಕಿದರೆ ಮುಗಿಯಿತು. ಕನ್ನಡಿಗೆ ತೂಗುವ ತಸ್ಬೀಹ್, ಡ್ಯಾಶ್‌ಬೋರ್ಡಿನ ಅತ್ತರ್ ಬಾಟಲಿ, ಆಯತುಲ್ ಕುರ್ಸಿಯ ಫಲಕ ಕೂಡ. ಫಲಕ ತೆಗೆಯುವುದಕ್ಕೆ ಅಕ್ಕ ಒಪ್ಪಲಿಲ್ಲ, "ಕಾವಲಿಗೆ ಇಟ್ಟದ್ದು ಅದು" ಅಂದಳು. ಓದಿಕೊಂಡು ಕೂರುವುದನ್ನು ಯಾರೂ ತಡೆಯುವುದಿಲ್ಲ, ಆದರೆ ಜೋರು ಬ್ರೇಕಿಗೆ ಆ ಫಲಕ ಹಾರಿ ಮುಖಕ್ಕೆ ಬಂದರೆ ಕಲ್ಲೇ ಸರಿ ಅಂತ ತಿಳಿಸಿ, ಅವಳ ಕೈಯಲ್ಲೇ ತೆಗೆಸಿ ಮನೆಯಲ್ಲಿ ಜೋಪಾನವಾಗಿ ಇಡಿಸಿದೆವು.

ಟಯರಿನ ಬದಿಯಲ್ಲಿ ಉಬ್ಬು ಇದ್ದರೆ ಹೋಗಲೇಬೇಡಿ. ನಮ್ಮ ರಸ್ತೆ ಗುಂಡಿಗಳ ದಯೆಯಿಂದ ಅದು ಸಾಮಾನ್ಯ. ಟಯರಿನ ಬದಿಯಲ್ಲೇ ನಾಲ್ಕು ಅಂಕಿಯಲ್ಲಿ ತಯಾರಾದ ವಾರ, ವರ್ಷ ಇರುತ್ತದೆ. 2319 ಅಂದರೆ 2019ರ 23ನೇ ವಾರ. ಬೆಳಿಗ್ಗೆ ತಣ್ಣಗಿರುವಾಗ ಕಂಪನಿ ಹೇಳಿದ ಗಾಳಿ ಹಾಕಿ. ಓಡಿದ ಮೇಲೆ ಬಿಸಿಗೆ ನಾಲ್ಕೈದು ಪಿಎಸ್‌ಐ ಏರುತ್ತದೆ, ಹಿಡಿತ ಕಡಿಮೆಯಾಗುತ್ತದೆ, ಆಗ ಸ್ವಲ್ಪ ಬಿಡಬೇಕು. ಸಂಜೆ ಊರಿಗೆ ಹೊರಡುವ ಮೊದಲು ಬಿಟ್ಟ ಗಾಳಿಯನ್ನು ವಾಪಸ್ ತುಂಬಲು ಮರೆಯಬಾರದು. ಚಕ್ರದ ನಟ್‌ಗಳನ್ನು ಕಾಲಲ್ಲಿ ಮೆಟ್ಟಿ ಬಿಗಿ ಮಾಡುವುದಲ್ಲ. ಟಾರ್ಕ್ ರೆಂಚ್ ಇಟ್ಟು, ಗಾಡಿಯ ಪುಸ್ತಕದಲ್ಲಿ ಇದ್ದಷ್ಟೇ ಬಿಗಿ. ಗಾಡಿ ಎಳೆಯುವ ಕೊಕ್ಕೆ ಟೂಲ್ ಕಿಟ್‌ನಲ್ಲಿ ಉಂಟಾ ನೋಡಿ, ನಮ್ಮದು ಸಿಗಲು ಅರ್ಧ ಗಂಟೆ ಬೇಕಾಯಿತು.

ಹೆಲ್ಮೆಟ್ ಯಾವ ಗುರುತಿನದ್ದು ನಡೆಯುತ್ತದೆ ಅಂತ ನಡೆಸುವವರನ್ನು ಮೊದಲೇ ಕೇಳಿ. ಹತ್ತಿಯ ಪೂರ್ತಿ ತೋಳಿನ ಅಂಗಿ, ಪ್ಯಾಂಟ್, ತೆಳು ಅಡಿಯ ಶೂ. ಪಾಲಿಯೆಸ್ಟರ್ ಬೇಡ, ಬೆಂಕಿಗೆ ಕರಗಿ ಮೈಗೆ ಅಂಟುತ್ತದೆ. ಸೀಟಿಗೆ ಬೆನ್ನು ಒರಗಿಸಿ ಕೈ ಚಾಚಿದರೆ ಮಣಿಕಟ್ಟು ಸ್ಟೀರಿಂಗಿನ ಮೇಲ್ಭಾಗಕ್ಕೆ ತಾಗಬೇಕು. ಬ್ರೇಕ್ ಪೂರ್ತಿ ಒತ್ತಿದಾಗಲೂ ಮೊಣಕಾಲು ಮಡಚಿರಬೇಕು. ನಮ್ಮ ಹುಡುಗರು ಮಲಗಿಕೊಂಡು ಒಂದು ಕೈಯಲ್ಲಿ ಓಡಿಸುವ ಸ್ಟೈಲ್ ಅಲ್ಲಿ ಹತ್ತು ನಿಮಿಷ ನಡೆಯುವುದಿಲ್ಲ. ಹಿಂದಿನ ದಿನ ಸಂಜೆಯೇ ತಲುಪಿ ನಿದ್ದೆ ಮಾಡಿ. ಬೆಳಿಗ್ಗೆ ಹೊಟ್ಟೆ ತುಂಬ ಬಿರಿಯಾನಿ ಬೇಡ. ಅಕ್ಕ ಕಟ್ಟಿಕೊಟ್ಟ ಪತ್ತಿರ್ ಎರಡೆರಡು ತಿಂದದ್ದೇ ಹೆಚ್ಚಾಯಿತು. ಮುಚ್ಚಿದ ಕಾರಿನಲ್ಲಿ, ಹೆಲ್ಮೆಟಿನೊಳಗೆ ಬೆವರು ಧಾರೆಯಾಗಿ ಇಳಿಯುತ್ತದೆ. ಹಾಗಾಗಿ ಉಪವಾಸದ ದಿನ ಈ ಕೆಲಸ ಇಟ್ಟುಕೊಳ್ಳಬೇಡಿ.

ಬೆಳಿಗ್ಗೆ ಬಾವುಟಗಳ ಪಾಠ ಇತ್ತು. ಹಳದಿ ಕಂಡರೆ ಮುಂದೆ ಅಪಾಯ, ನಿಧಾನ, ಹಿಂದಿಕ್ಕುವ ಹಾಗಿಲ್ಲ. ಕೆಂಪು ಕಂಡರೆ ಓಟ ನಿಂತಿತು, ಮೆಲ್ಲಗೆ ಪಿಟ್‌ಗೆ. ನೀಲಿ ಅಂದರೆ ಹಿಂದೆ ವೇಗದ ಕಾರು ಬಂದಿದೆ, ದಾರಿ ಕೊಡು. ಕೆಂಪು-ಹಳದಿ ಪಟ್ಟೆ ಇದ್ದರೆ ದಾರಿಯಲ್ಲಿ ಆಯಿಲ್ ಚೆಲ್ಲಿದೆ, ಜಾರುತ್ತದೆ. ನಮ್ಮವನಿಗೆ ಅತಿ ಕಷ್ಟ ಆದದ್ದು ನೀಲಿ. ಹೈವೇಯಲ್ಲಿ ಯಾರಿಗೂ ಸೈಡ್ ಕೊಡದವನು. ಅವನ ಹೊಸ ಅಲಾಯ್ ಚಕ್ರದ ಸ್ವಿಫ್ಟನ್ನು ಆ ಹಳೇ ಎಸ್ಟೀಮ್ ಮೂರು ಸಲ ದಾಟಿತು. ಅರುವತ್ತು ದಾಟಿದ ಹಿರಿಯರು ಪ್ರತಿ ಸಲವೂ ಕೈ ಎತ್ತಿ ಥ್ಯಾಂಕ್ಸ್ ಹೇಳಿದರು.

ಮಧ್ಯಾಹ್ನದ ಬಿಡುವಿನಲ್ಲಿ ಶೆಡ್ಡಿನ ಹಿಂದೆ ಮುಸಲ್ಲ ಹಾಸಿ, ಮುಸಾಫಿರರಾದ್ದರಿಂದ ಝುಹ್ರ್ ಮತ್ತು ಅಸ್ರ್ ಜಮ್ಅ್ ಮಾಡಿ ಕಸ್ರ್ ಆಗಿ ಮುಗಿಸಿದೆವು. ಎಂಜಿನ್ ಸದ್ದು ಆಗಲೂ ಕಿವಿಯಲ್ಲಿತ್ತು.

ಮಧ್ಯಾಹ್ನದ ಮೇಲಿನ ಎರಡು ಸರದಿ ಚೆನ್ನಾಗಿ ಹೋಯಿತು. ಬ್ರೇಕ್ ನೇರ ದಾರಿಯಲ್ಲೇ ಮುಗಿಸು, ಆಮೇಲೆ ತಿರುಗಿಸು. ಬಾನೆಟ್ ನೋಡಬೇಡ, ತಿರುವಿನ ಆಚೆ ನೋಡು. ಇಷ್ಟನ್ನೇ ಅಲ್ಲಿದ್ದ ತರಬೇತುದಾರರು ಮತ್ತೆ ಮತ್ತೆ ಹೇಳಿದರು. ಅತಿ ವೇಗವಾಗಿ ತಿರುವಿಗೆ ನುಗ್ಗಿದಾಗ ಕಾರು ಸ್ಟೀರಿಂಗ್ ಕೇಳದೆ ನೇರ ಹೋಗುವುದನ್ನು ಅವನು ಸ್ವತಃ ಅನುಭವಿಸಿದ. ಹೈವೇಯಲ್ಲಿ ಆ ಜಾಗದಲ್ಲಿ ಮಣ್ಣಿನ ಬಯಲು ಇರುವುದಿಲ್ಲ, ತೆಂಗಿನ ಮರವೋ ಅಂಗಡಿಯೋ ಇರುತ್ತದೆ. ಇದನ್ನು ನಾವು ಹೇಳಲಿಲ್ಲ, ಅವನೇ ಹೇಳಿದ. ಪ್ರತಿ ಸರದಿಯ ಕೊನೆಯ ಸುತ್ತು ಬ್ರೇಕ್ ತಣಿಯಲು ಮೆಲ್ಲಗೆ. ಪಿಟ್‌ನಲ್ಲಿ ಹ್ಯಾಂಡ್‌ಬ್ರೇಕ್ ಎಳೆಯುವುದಿಲ್ಲ, ಕಾದ ಬ್ರೇಕು ಹಿಡಿದ ಹಾಗೇ ಕೂತುಬಿಡುತ್ತದೆ; ಗೇರಿನಲ್ಲಿ ನಿಲ್ಲಿಸಿ ಚಕ್ರಕ್ಕೆ ಕಲ್ಲು ಇಡಬೇಕು.

ವಾಪಸ್ ಬರುವಾಗ ಪಾಲಕ್ಕಾಡ್ ದಾಟುವವರೆಗೆ ಅವನೇ ಓಡಿಸಿದ, 80 ದಾಟಲಿಲ್ಲ. ಸುಸ್ತಾಗಿಯೋ ಬುದ್ಧಿ ಬಂದೋ, ಹೇಳಲು ಬರುವುದಿಲ್ಲ. ಎರಡು ಸಲ ಹಿಂದಿನಿಂದ ಹಾರ್ನ್ ಹೊಡೆದವರಿಗೆ ಸೈಡ್ ಕೊಟ್ಟ. ಮನೆಗೆ ತಲುಪಿ ಮಾರನೇ ದಿನ ಚಕ್ರ ಬಿಚ್ಚಿ ನೋಡಿದರೆ ಮುಂದಿನ ಪ್ಯಾಡ್ ಒಂದೇ ದಿನದಲ್ಲಿ ಕಾಲು ಭಾಗಕ್ಕೆ ಇಳಿದಿತ್ತು. ಹೊಸತಕ್ಕೆ ದುಡ್ಡು ಯಾರು ಕೊಡುವುದು ಅಂತ ಮಾತಾಯಿತು. ಅವನ ಪಾಕೆಟ್ ಮನಿಯಿಂದಲೇ ಅಂತ ಅಕ್ಕ ತೀರ್ಪು ಕೊಟ್ಟಳು. ತಿಂಗಳಾಯಿತು, ಇನ್ನೂ ಸೇರಿಸುತ್ತಿದ್ದಾನೆ. ಅಲ್ಲಿಯವರೆಗೆ ಕೀ ಅವಳ ಹತ್ತಿರವೇ ಉಂಟು.