ಹಳೆಯ ಕಾರಿನ ಇಂಜಿನು ಏನು ಹೇಳುತ್ತದೆ?

ಕಾರು ಎಂದರೆ ವೈದ್ಯರ ಅಂಗಳದಲ್ಲೋ ದೊಡ್ಡ ಜಮೀನುದಾರರ ಚಾವಡಿಯ ಮುಂದೋ ನಿಲ್ಲುವ ವಸ್ತು ಎಂಬ ಕಾಲ ಹೋಯಿತು. ಅಡಿಕೆಗೆ ಒಂದು ವರ್ಷ ಒಳ್ಳೆಯ ಕ್ರಯ ಬಂದರೆ ಸಾಕು, ಪೆರ್ಲ, ಬದಿಯಡ್ಕ, ಮುಳ್ಳೇರಿಯ ಕಡೆಯ ಸಾಧಾರಣ ಕೃಷಿಕನ ಮನೆಗೂ ಇಂದು ಒಂದು ಹಳೆಯ ಕಾರು ಬರುತ್ತದೆ. ಹದಿನೆಂಟು ತುಂಬಿ ಆಗತಾನೆ ಲೈಸೆನ್ಸು ಪಡೆದ ಮಗನೇ ಪುತ್ತೂರಿಗೋ ಮಂಗಳೂರಿಗೋ ಹೋಗಿ ಅದನ್ನು ನೋಡಿ ತರುತ್ತಾನೆ. ಕಾಲೇಜಿಗೂ ಅದೇ, ಗೊಬ್ಬರದ ಚೀಲಕ್ಕೂ ಅದೇ, ರಾತ್ರಿ ಆಸ್ಪತ್ರೆಗೆ ಹೋಗಬೇಕಾದರೂ ಅದೇ.

ತಂದ ವಾರದೊಳಗೆ ಒಂದು ಮಾತು ಹುಟ್ಟುತ್ತದೆ: "ಅಪ್ಪಾ, ಇಂಜಿನಿನಿಂದ ಏನೋ ಶಬ್ದ ಬರ್ತಾ ಉಂಟು." ಇಲ್ಲಿ ನಮ್ಮವರು ಸಾಮಾನ್ಯವಾಗಿ ಎರಡು ದಾರಿಗಳಲ್ಲಿ ಒಂದನ್ನು ಹಿಡಿಯುತ್ತಾರೆ. "ಹಳೆ ಗಾಡಿ ಅಲ್ಲವೋ, ಅದರ ಸ್ವಭಾವವೇ ಹಾಗೆ" ಎಂದು ಓಡಿಸುತ್ತಲೇ ಇರುವುದು ಒಂದು. ಮೊದಲು ಸಿಕ್ಕಿದ ವರ್ಕ್‌ಶಾಪಿಗೆ ಒಯ್ದು, ಅಲ್ಲಿ "ಇಂಜಿನು ಬಿಚ್ಚಬೇಕು" ಎಂದೊಡನೆ ತಲೆಯಾಡಿಸಿ ಬರುವುದು ಇನ್ನೊಂದು. ಮೊದಲನೆಯ ದಾರಿಯಲ್ಲಿ ಸಣ್ಣ ಖರ್ಚು ದೊಡ್ಡದಾಗುತ್ತದೆ. ಎರಡನೆಯದರಲ್ಲಿ ಉಗುರಿನಿಂದ ಹೋಗುವುದಕ್ಕೆ ಕೊಡಲಿ ತೆಗೆದುಕೊಂಡ ಹಾಗಾಗುತ್ತದೆ. ಹಳೆಯ ಸಣ್ಣ ಕಾರಿನ ಇಂಜಿನನ್ನು ಪೂರ್ತಿ ಬಿಚ್ಚಿ ಸರಿಪಡಿಸುವ ವೆಚ್ಚವು ಕೆಲವೊಮ್ಮೆ ಆ ಕಾರಿನ ಬೆಲೆಯನ್ನೇ ಮುಟ್ಟುವುದುಂಟು. ಆದುದರಿಂದ ಕೀಲಿಗೆ ಕೈ ಹಾಕುವ ಮೊದಲು ಕಿವಿಗೆ ಕೆಲಸ ಕೊಡತಕ್ಕದ್ದು.

ಇದೇನೂ ನಮಗೆ ಹೊಸ ವಿದ್ಯೆಯಲ್ಲ. ಹಲಸಿನಕಾಯಿಯನ್ನು ತಟ್ಟಿ ಬಲಿತಿದೆಯೋ ಇಲ್ಲವೋ ಎಂದು ಹೇಳುವವರು, ತೆಂಗಿನಕಾಯಿಯನ್ನು ಕಿವಿಯ ಬಳಿ ಅಲ್ಲಾಡಿಸಿ ಒಳಗಿನ ನೀರನ್ನು ಅಳೆಯುವವರು ನಾವು. ಇಂಜಿನು ಹೇಳುವುದನ್ನೂ ಹಾಗೆಯೇ ಕೇಳಲು ಕಲಿಯಬಹುದು.

ಮೊದಲು ಎಣ್ಣೆ

ಯಾವ ಶಬ್ದವೇ ಬರಲಿ, ಮೊದಲು ನೋಡಬೇಕಾದುದು ಇಂಜಿನ್ ಆಯಿಲ್. ಕಾರನ್ನು ಸಮತಟ್ಟಾದ ನೆಲದಲ್ಲಿ ನಿಲ್ಲಿಸಿ, ಇಂಜಿನು ಬಂದ್ ಮಾಡಿ, ಹತ್ತು ನಿಮಿಷ ಬಿಡಬೇಕು. ಅಳತೆಯ ಕಡ್ಡಿಯನ್ನು ಎಳೆದು, ಬಟ್ಟೆಯಿಂದ ಒರೆಸಿ, ಪೂರ್ತಿ ಒಳಗಿಳಿಸಿ ಮತ್ತೆ ತೆಗೆದಾಗ ಎಣ್ಣೆಯು ಎರಡು ಗುರುತುಗಳ ನಡುವೆ ಇರಬೇಕು. ಕೆಳಗಿನ ಗುರುತಿಗಿಂತ ಕಡಮೆಯಿದ್ದರೆ ಅರ್ಧ ಉತ್ತರ ಅಲ್ಲಿಯೇ ಸಿಕ್ಕಿತು. ಎಣ್ಣೆ ಸಾಲದಿದ್ದರೆ ಬಿಡಿಭಾಗಗಳ ನಡುವಿನ ಜಾರುವ ಪೊರೆ ತೆಳ್ಳಗಾಗಿ, ಕಬ್ಬಿಣಕ್ಕೆ ಕಬ್ಬಿಣ ತಾಗುತ್ತದೆ.

ಎಣ್ಣೆಯ ಬಣ್ಣವನ್ನೂ ನೋಡಬೇಕು. ಕಪ್ಪಾಗಿದ್ದರೆ ಹೆಚ್ಚು ಓಡಿದ ಎಣ್ಣೆ, ಬದಲಿಸಿದರಾಯಿತು. ಹಾಲು ಹಾಕಿದ ಕಾಫಿಯಂತೆ ಕದಡಿದ್ದರೆ ನೀರು ಬೆರೆತಿದೆ. ಹೆಡ್ ಗ್ಯಾಸ್ಕೆಟ್ ಹೋಗಿರಬಹುದು, ಗಾಡಿ ಚಾಲು ಮಾಡಬಾರದು. ಎರಡು ಬೆರಳ ನಡುವೆ ತಿಕ್ಕಿ ಬಿಸಿಲಿಗೆ ಹಿಡಿದಾಗ ಲೋಹದ ಪುಡಿ ಮಿನುಗಿದರೆ ಒಳಗೆ ಬೇರಿಂಗು ಸವೆಯುತ್ತಿದೆ ಎಂದು ತಿಳಿಯಬೇಕು.

ಕೀಲಿ ತಿರುಗಿಸಿದಾಗ ಹೊತ್ತಿಕೊಳ್ಳುವ ಕೆಂಪು ಎಣ್ಣೆದೀಪವು ಇಂಜಿನು ಚಾಲುವಾದ ಕೆಲವೇ ಸೆಕೆಂಡುಗಳಲ್ಲಿ ಆರಿಹೋಗಬೇಕು. ಆರದಿದ್ದರೆ, ಅಥವಾ ದಾರಿಯಲ್ಲಿ ಹೊತ್ತಿಕೊಂಡರೆ, "ಮನೆ ಹತ್ತಿರವೇ ಅಲ್ಲವೇ" ಎಂದು ಮುಂದೆ ಹೋಗಬಾರದು. ಬದಿಗೆ ನಿಲ್ಲಿಸಿ ಇಂಜಿನು ಆರಿಸುವುದೇ ಸರಿ. ಕೆಲವೇ ನಿಮಿಷಗಳ ಓಟ ಇಡೀ ಇಂಜಿನನ್ನು ಕೆಡಿಸಬಲ್ಲದು.

ಕೇಳಬೇಕಾದ ನಾಲ್ಕು ಪ್ರಶ್ನೆ

ಎಣ್ಣೆ ಸರಿಯಿದೆ, ಶಬ್ದವೂ ಇದೆ ಎಂದಾದರೆ ನಾಲ್ಕು ಪ್ರಶ್ನೆಗಳನ್ನು ಕೇಳಬೇಕು. ಶಬ್ದ ಬರುವುದು ಬೆಳಿಗ್ಗೆ ತಣ್ಣಗಿರುವಾಗಲೋ, ಬಿಸಿಯಾದ ಮೇಲೋ? ಮೇಲಿನಿಂದಲೋ, ಕೆಳಗಿನಿಂದಲೋ, ಬೆಲ್ಟಿನ ಬದಿಯಿಂದಲೋ? ಆಕ್ಸಲರೇಟರ್ ಒತ್ತಿದಂತೆ ಬೇಗವಾಗುತ್ತದೆಯೋ ಇಲ್ಲವೋ? ನಿಂತಲ್ಲಿ ಬರುವುದೋ, ಏರು ಹತ್ತುವಾಗ ಮಾತ್ರವೋ? ಈ ನಾಲ್ಕಕ್ಕೂ ಉತ್ತರವನ್ನು ಹುಡುಗನೇ ಒಂದು ಕಾಗದದಲ್ಲಿ ಬರೆದಿಡಲಿ.

ಮೂರನೆಯ ಪ್ರಶ್ನೆ ಬಹಳ ಮುಖ್ಯವಾದುದು. ಗಾಡಿ ನಿಂತಿರುವಾಗ ಆಕ್ಸಲರೇಟರಿನೊಡನೆ ಶಬ್ದವೂ ಬೇಗವಾದರೆ ಅದು ಇಂಜಿನಿನದು, ಅಥವಾ ಇಂಜಿನಿನೊಡನೆ ತಿರುಗುವ ಬೇರೊಂದು ಭಾಗದ್ದು. ಗಾಡಿಯ ವೇಗದೊಡನೆ ಮಾತ್ರ ಏರಿಳಿದರೆ ಚಕ್ರದ ಬೇರಿಂಗೋ ಟಯರೋ ಇರಬಹುದು. ಇಂಜಿನಿನ ಮೇಲೆ ಅಪವಾದ ಹೊರಿಸಬೇಕಾಗಿಲ್ಲ.

ಮೇಲಿನ ಟಿಕ್ ಟಿಕ್

ಹೊಲಿಗೆಯ ಯಂತ್ರದಂತೆ ಹಗುರವಾದ ಟಿಕ್ ಟಿಕ್ ಶಬ್ದ ಇಂಜಿನಿನ ಮೇಲುಭಾಗದಿಂದ ಬಂದರೆ ಹೆಚ್ಚಾಗಿ ಅದು ವಾಲ್ವುಗಳದು. ನಾಲ್ಕು ಹೊಡೆತದ ಇಂಜಿನಿನಲ್ಲಿ ಕ್ರ್ಯಾಂಕ್ ಶಾಫ್ಟು ಎರಡು ಸುತ್ತು ತಿರುಗುವಾಗ ಒಂದು ವಾಲ್ವು ಒಂದೇ ಸಲ ತೆರೆಯುತ್ತದೆ. ಇಂಜಿನು ನಿಂತಲ್ಲೇ ನಿಮಿಷಕ್ಕೆ ೮೦೦ ಸುತ್ತು ತಿರುಗುತ್ತಿದ್ದರೆ ಒಂದು ವಾಲ್ವಿನ ಟಿಕ್ ನಿಮಿಷಕ್ಕೆ ೪೦೦ ಸಲ. ಅದಕ್ಕಾಗಿಯೇ ಈ ಶಬ್ದವು ಇಂಜಿನಿನ ಓಟಕ್ಕಿಂತ ನಿಧಾನವಾಗಿ ಕೇಳುತ್ತದೆ.

ನಮ್ಮ ಊರುಗಳಲ್ಲಿ ಇನ್ನೂ ಓಡುವ ಮಾರುತಿ ೮೦೦ ಕಾರನ್ನೇ ತೆಗೆದುಕೊಳ್ಳೋಣ. ೧೯೮೩ರ ಡಿಸೆಂಬರಿನಲ್ಲಿ ರಸ್ತೆಗಿಳಿದ ಈ ಕಾರಿನ ತಯಾರಿಕೆ ೨೦೧೪ರ ಜನವರಿಯಲ್ಲಿ ನಿಂತಿತು. ಅದರ ೭೯೬ ಸಿ.ಸಿ. ಇಂಜಿನಿಗೆ ಮೂರೇ ಸಿಲಿಂಡರು. ನಿಂತಲ್ಲಿ ಸ್ವಲ್ಪ ನಡುಗುವುದು ಅದರ ಹುಟ್ಟುಗುಣ, ರೋಗವಲ್ಲ. ವಾಲ್ವಿನ ಸಂದು ಹೆಚ್ಚಾಗಿ ಟಿಕ್ ಟಿಕ್ ಎನ್ನತೊಡಗಿದರೆ ಮೇಲಿನ ಮುಚ್ಚಳ ತೆಗೆದು, ಫೀಲರ್ ಗೇಜಿನಿಂದ ಅಳೆದು ಸ್ಕ್ರೂ ತಿರುಗಿಸಿ ಸರಿಪಡಿಸಬಹುದು. ಅಭ್ಯಾಸವಿರುವ ಮೆಕ್ಯಾನಿಕ್ಕಿಗೆ ಇದು ಅರ್ಧ ದಿನದೊಳಗಿನ ಕೆಲಸ.

ವಾಲ್ವಿನಂತೆಯೇ ಕೇಳಿಸಿ ಮೋಸಗೊಳಿಸುವ ಇನ್ನೆರಡು ಶಬ್ದಗಳುಂಟು. ಸೈಲೆನ್ಸರಿನ ಪೈಪು ಇಂಜಿನಿಗೆ ಸೇರುವಲ್ಲಿ ಗ್ಯಾಸ್ಕೆಟ್ ಸೋರುತ್ತಿದ್ದರೆ ತಣ್ಣಗಿರುವಾಗ ಚಪ್ ಚಪ್ ಎನ್ನುತ್ತದೆ. ಲೋಹ ಬಿಸಿಯಾಗಿ ಹಿಗ್ಗಿದ ಮೇಲೆ ಕಡಮೆಯಾಗುತ್ತದೆ. ಸ್ಪಾರ್ಕ್ ಪ್ಲಗ್ಗು ಸಡಿಲವಾಗಿದ್ದರೂ ಇಂಥದೇ ಶಬ್ದ. ಎರಡೂ ಸಣ್ಣ ಕೆಲಸಗಳೇ.

ಕಿರುಚು, ಗೊರಗೊರ, ಲೊಟಲೊಟ

ಮಳೆಗಾಲದ ಬೆಳಿಗ್ಗೆ ಚಾಲು ಮಾಡಿದೊಡನೆ ಕೀಂಯ್ ಎಂದು ಕಿರುಚಿ ಸ್ವಲ್ಪ ಹೊತ್ತಿನಲ್ಲಿ ಸುಮ್ಮನಾದರೆ ಬೆಲ್ಟು ಸಡಿಲವಾಗಿದೆ ಅಥವಾ ಗಟ್ಟಿಯಾಗಿ ಬಿರುಕುಬಿಟ್ಟಿದೆ. ದೂರದಿಂದ ಒಂದೆರಡು ಹನಿ ನೀರು ಬೆಲ್ಟಿಗೆ ಚಿಮುಕಿಸಿದಾಗ ಶಬ್ದ ಬದಲಾದರೆ ಸಂಶಯವೇ ಬೇಡ. ನಿರಂತರವಾದ ಗೊರಗೊರ ಆದರೆ ಬೆಲ್ಟಿನಿಂದ ತಿರುಗುವ ಆಲ್ಟರ್ನೇಟರಿನ ಅಥವಾ ನೀರಿನ ಪಂಪಿನ ಬೇರಿಂಗು ಇರಬಹುದು. ಮೆಕ್ಯಾನಿಕ್ ಆ ಬೆಲ್ಟನ್ನು ತೆಗೆದು ಕೆಲವೇ ಸೆಕೆಂಡು ಇಂಜಿನು ಓಡಿಸಿದಾಗ ಶಬ್ದ ನಿಂತರೆ ಇಂಜಿನು ನಿರ್ದೋಷಿ.

ಕ್ಲಚ್ಚಿನ ಪರೀಕ್ಷೆ ಇನ್ನೂ ಸುಲಭ. ಗೇರು ನ್ಯೂಟ್ರಲಿನಲ್ಲಿಟ್ಟು ಕ್ಲಚ್ಚನ್ನು ಒತ್ತಿದಾಗ ಶಬ್ದ ಹುಟ್ಟಿದರೆ ಕ್ಲಚ್ಚಿನ ರಿಲೀಸ್ ಬೇರಿಂಗು. ಒತ್ತಿದಾಗ ನಿಂತು ಬಿಟ್ಟಾಗ ಬಂದರೆ ಗೇರ್ ಬಾಕ್ಸಿನ ಬೇರಿಂಗು.

ಲೊಟಲೊಟ ಎಂಬ ತಗಡಿನ ಸದ್ದಿಗೆ ಸೈಲೆನ್ಸರಿನ ಬಿಸಿ ತಡೆಯುವ ತಗಡು ಸಡಿಲವಾಗಿರುವುದೇ ಹೆಚ್ಚಾಗಿ ಕಾರಣ. ನಮ್ಮ ಗುಂಡಿ ರಸ್ತೆಗಳಲ್ಲಿ ಅದರ ಬೋಲ್ಟು ತುಕ್ಕು ಹಿಡಿದು ಬಿದ್ದುಹೋಗುತ್ತದೆ. ಗಾಡಿ ಹೊರಡುವಾಗಲೂ ಹಿಂದಕ್ಕೆ ತೆಗೆಯುವಾಗಲೂ ಒಂದೊಂದೇ ಸಲ ಧಡಕ್ ಎಂದರೆ ಇಂಜಿನು ಕೂರುವ ರಬ್ಬರ್ ಮೌಂಟಿಂಗನ್ನು ನೋಡಬೇಕು.

ಏರಿನಲ್ಲಿ ಬರುವ ಕಿಣಿಕಿಣಿ

ಗುಡ್ಡದ ಏರಿನಲ್ಲಿ ಭಾರ ಹೇರಿಕೊಂಡು ಮೇಲಿನ ಗೇರಿನಲ್ಲೇ ಒತ್ತಿದಾಗ ಡಬ್ಬಿಯಲ್ಲಿ ಕಲ್ಲು ಅಲ್ಲಾಡಿಸಿದಂಥ ಕಿಣಿಕಿಣಿ ಬರುವುದುಂಟು. ಇದು ಪೆಟ್ರೋಲು ಸಿಲಿಂಡರಿನೊಳಗೆ ಕ್ರಮವಾಗಿ ಉರಿಯದೆ ಸ್ಫೋಟಿಸುವ ಸದ್ದು. ಕಿಡಿ ಬೇಗ ಹಾರುವುದು, ಇಂಜಿನು ಅತಿಯಾಗಿ ಬಿಸಿಯಾಗುವುದು, ಒಳಗೆ ಮಸಿ ಕಟ್ಟಿರುವುದು, ಎಲ್ಲವೂ ಕಾರಣಗಳು. ಕೂಡಲೇ ಗೇರು ಇಳಿಸಿ ಪಾದ ಸಡಿಲಿಸಬೇಕು. ಹೊಸದಾಗಿ ಕಲಿತ ಹುಡುಗರು ಗೇರು ಬದಲಿಸಲು ಹಿಂಜರಿಯುವುದರಿಂದಲೇ ಈ ಶಬ್ದ ಎಷ್ಟೋ ಸಲ ಹುಟ್ಟುತ್ತದೆ. ಹಾಗೆಯೇ ಬಿಟ್ಟರೆ ಪಿಸ್ಟನ್ನು ತೂತು ಬೀಳುವವರೆಗೂ ಹೋಗಬಹುದು.

ಕೆಳಗಿನ ಗುದ್ದು

ಬೆಳಿಗ್ಗೆ ತಣ್ಣಗಿರುವಾಗ ಮಾತ್ರ ಟೊಳ್ಳಾದ ಡಬ್ ಡಬ್ ಬಂದು, ಬಿಸಿಯಾದೊಡನೆ ಇಲ್ಲವಾದರೆ ಪಿಸ್ಟನ್ನು ಸವೆದು ಸಿಲಿಂಡರಿನ ಗೋಡೆಗೆ ಬಡಿಯುತ್ತಿದೆ ಎಂದರ್ಥ. ಅದು ಮುದುಕರ ಕೆಮ್ಮಿನಂತೆ. ಎಣ್ಣೆ ಕಾಯ್ದುಕೊಂಡರೆ ಬಹುಕಾಲ ನಡೆಯುತ್ತದೆ. ಸೈಲೆನ್ಸರಿನಿಂದ ನೀಲಿ ಹೊಗೆಯೂ ಬರುತ್ತಿದ್ದರೆ ಎಣ್ಣೆ ಉರಿಯುತ್ತಿದೆಯೆಂದು ತಿಳಿದು ವಾರಕ್ಕೊಮ್ಮೆ ಅಳೆಯಬೇಕು.

ಇದಕ್ಕೆ ವಿರುದ್ಧವಾಗಿ, ಬಿಸಿಯಾದಂತೆ ಹೆಚ್ಚಾಗುವ, ಸುತ್ತಿಗೆಯಿಂದ ಒಳಗಿನಿಂದ ಗುದ್ದಿದಂಥ ಭಾರವಾದ ಶಬ್ದವೇ ಭಯಪಡಬೇಕಾದದ್ದು. ಆಕ್ಸಲರೇಟರ್ ಏರಿಸಿ ತಟ್ಟನೆ ಬಿಟ್ಟಾಗ ಅದು ಸ್ಪಷ್ಟವಾಗಿ ಕೇಳುತ್ತದೆ. ಕನೆಕ್ಟಿಂಗ್ ರಾಡಿನ ಬೇರಿಂಗು ಸವೆದಿದೆ. ಅಲ್ಲಿಯೇ ನಿಲ್ಲಿಸಿ, ಬೇರೆ ಗಾಡಿಯಿಂದ ಎಳೆಸಿ ವರ್ಕ್‌ಶಾಪಿಗೆ ಒಯ್ಯಬೇಕು. ಕ್ರ್ಯಾಂಕ್ ಶಾಫ್ಟು ಗಾಯಗೊಳ್ಳುವ ಮೊದಲು ನಿಲ್ಲಿಸಿದರೆ ಬೇರಿಂಗಿನ ಚಿಪ್ಪು ಬದಲಿಸುವುದರಲ್ಲಿ ಮುಗಿದೀತು. ಓಡಿಸಿದರೆ ರಾಡು ಮುರಿದು ಇಂಜಿನಿನ ಬ್ಲಾಕನ್ನೇ ಒಡೆದು ಹೊರಬರಬಹುದು. ನಡುರಸ್ತೆಯಲ್ಲಿ, ಲಾರಿಯ ಮುಂದೆ ಹಾಗಾದರೆ ನಷ್ಟ ಹಣದ್ದು ಮಾತ್ರವಲ್ಲ.

ಡೀಸೆಲ್ ಜೀಪುಗಳ ಮಾತು ಬೇರೆ. ಅವು ತಣ್ಣಗಿರುವಾಗ ಗಡಗಡ ಎನ್ನುವುದು ಸಹಜ. ಒಂದೇ ಸಿಲಿಂಡರಿನ ಬಡಿತ ಉಳಿದವುಗಳಿಂದ ಬೇರೆಯಾಗಿ ಎದ್ದು ಕೇಳಿದರೆ ಇಂಜೆಕ್ಟರನ್ನು ಪರೀಕ್ಷಿಸಬೇಕು. ಆದರೆ ಡೀಸೆಲ್ ಸೋರುವ ಪೈಪಿಗೆ ಎಂದೂ ಬೆರಳು ಹಿಡಿಯಬಾರದು. ಒತ್ತಡದ ಸಿಂಪರಣೆ ಚರ್ಮವನ್ನು ತೂರಿ ಒಳಹೋಗುತ್ತದೆ. ಗಾಯ ಸೂಜಿಮೊನೆಯಷ್ಟೇ ಕಂಡರೂ ತಕ್ಷಣ ಆಸ್ಪತ್ರೆಗೆ ಹೋಗಬೇಕು.

ಆಲಿಸುವಾಗ ಎಚ್ಚರ

ಶಬ್ದದ ಜಾಗ ಹುಡುಕಲು ತೋಟಕ್ಕೆ ನೀರು ಬಿಡುವ ರಬ್ಬರ್ ಪೈಪಿನ ಒಂದು ಮೊಳ ತುಂಡು ಸಾಕು. ಒಂದು ತುದಿ ಕಿವಿಗೆ, ಇನ್ನೊಂದನ್ನು ಇಂಜಿನಿನ ಬೇರೆಬೇರೆ ಕಡೆ ಹಿಡಿದರೆ ಎಲ್ಲಿ ಗಟ್ಟಿ ಎಂಬುದು ತಿಳಿಯುತ್ತದೆ. ಹೆಗಲ ಬೈರಾಸು, ಸಡಿಲವಾದ ಮುಂಡು, ಉದ್ದ ತೋಳಿನ ಅಂಗಿ ಇವನ್ನು ಫ್ಯಾನಿನ ಬಳಿ ತರಬಾರದು. ವಿದ್ಯುತ್ ಫ್ಯಾನು ಇಂಜಿನು ನಿಂತ ಮೇಲೂ ತಾನಾಗಿ ತಿರುಗೀತು. ಬಿಸಿ ರೇಡಿಯೇಟರಿನ ಮುಚ್ಚಳ ತೆರೆಯಬಾರದು. ಮುಚ್ಚಿದ ಶೆಡ್ಡಿನೊಳಗೆ ಇಂಜಿನು ಓಡಿಸಬಾರದು. ಅದರ ವಿಷವಾಯುವಿಗೆ ವಾಸನೆಯಿಲ್ಲ. ಪ್ಲಗ್ಗಿನ ವೈರುಗಳಲ್ಲಿ ಸಾವಿರಾರು ವೋಲ್ಟು ಹರಿಯುವುದರಿಂದ ಅವನ್ನು ಎಳೆದು ನೋಡುವ ಕೆಲಸ ಮೆಕ್ಯಾನಿಕ್ಕಿಗೇ ಇರಲಿ.

ಗಡಿಯ ಈಚೆ ಮೆಕ್ಯಾನಿಕ್ಕಿನ ಭಾಷೆ ಮಲೆಯಾಳವೋ ತುಳುವೋ ಆಗಿರಬಹುದು. ಅದಕ್ಕೆ ಹಿಂಜರಿಯಬೇಕಾಗಿಲ್ಲ. ಟಿಕ್ ಟಿಕ್, ಗೊರಗೊರ, ಡಬ್ ಡಬ್ ಇವಕ್ಕೆ ದುಭಾಷಿ ಬೇಡ. ಎಲ್ಲಿ, ಯಾವಾಗ ಎಂಬುದನ್ನು ತೋರಿಸಿ, ಶಬ್ದವನ್ನು ಮೊಬೈಲಿನಲ್ಲಿ ಹಿಡಿದು ಕೇಳಿಸಿದರೆ ಕೆಲಸ ಅರ್ಧವಾಯಿತು. ಬಿಚ್ಚುವ ಮೊದಲು "ಯಾವ ಭಾಗ, ಏಕೆ, ಎಷ್ಟು" ಎಂದು ಕೇಳಿ, ಬದಲಿಸಿದ ಹಳೆಯ ಸಾಮಾನನ್ನು ಹಿಂದಕ್ಕೆ ಪಡೆಯತಕ್ಕದ್ದು.

ಇನ್ನೂ ಕೊಳ್ಳದವರಿಗೆ

ದನದ ಹಲ್ಲು ನೋಡದೆ ಹಣ ಎಣಿಸದ ನಾವು ಕಾರಿಗೂ ಅದೇ ನಿಯಮ ಹಿಡಿಯಬೇಕು. ಮಾರುವವನು ಮೊದಲೇ ಇಂಜಿನು ಬಿಸಿ ಮಾಡಿಟ್ಟರೆ ತಣ್ಣಗಿನ ಶಬ್ದಗಳು ಅಡಗುತ್ತವೆ. ದಪ್ಪ ಎಣ್ಣೆ ಹಾಕಿದರೆ ಬೇರಿಂಗಿನ ಶಬ್ದ ಅಡಗುತ್ತದೆ. ಆದುದರಿಂದ ಹೇಳದೆ ಬೆಳಿಗ್ಗೆಯೇ ಹೋಗಿ, ಬೋನೆಟ್ಟಿನ ಮೇಲೆ ಕೈಯಿಟ್ಟು ತಣ್ಣಗಿರುವುದನ್ನು ನೋಡಿ, ನಿಮ್ಮೆದುರಿಗೇ ಚಾಲು ಮಾಡಿಸಬೇಕು. ಮತ್ತೆ ಅರ್ಧ ಗಂಟೆ ಓಡಿಸಿ, ಬಿಸಿಯಾದ ಮೇಲೂ ಕೇಳಬೇಕು.

ಕರ್ನಾಟಕದ ನಂಬರಿನ ಗಾಡಿಯನ್ನು ಕೇರಳದಲ್ಲಿ ೧೨ ತಿಂಗಳಿಗಿಂತ ಹೆಚ್ಚು ಇಟ್ಟುಕೊಂಡರೆ ಇಲ್ಲಿಯ ನಂಬರು ಪಡೆಯಬೇಕೆಂದು ೧೯೮೮ರ ಮೋಟಾರು ವಾಹನ ಕಾಯಿದೆ ಹೇಳುತ್ತದೆ. ಅದಕ್ಕೆ ಮೂಲ ಆರ್.ಟಿ.ಒ. ಕಚೇರಿಯ ನಿರಾಕ್ಷೇಪಣಾ ಪತ್ರ ಬೇಕು. ಹಣ ಕೊಡುವ ಮೊದಲೇ ಅದರ ಮಾತಾಡಿಕೊಳ್ಳಬೇಕು. ಹದಿನೆಂಟು ತುಂಬದ ಹುಡುಗನ ಕೈಗೆ ಕೀಲಿ ಕೊಟ್ಟರೆ, ೨೦೧೯ರ ತಿದ್ದುಪಡಿಯಂತೆ ಹೆತ್ತವರಿಗೇ ೨೫,೦೦೦ ರೂಪಾಯಿ ದಂಡವೂ ಮೂರು ವರ್ಷದವರೆಗೆ ಸೆರೆಮನೆಯೂ ಆಗಬಹುದು.

ನಾವು ಹೇಳಬಯಸುವುದು ಇಷ್ಟೆ. ಮಗ ಬಂದು ಶಬ್ದದ ಮಾತೆತ್ತಿದಾಗ ಗದರಿಸಬೇಡಿರಿ. ಗದರಿದರೆ ಮುಂದಿನ ಸಲ ಅವನು ಹೇಳುವುದಿಲ್ಲ, ಗಾಡಿ ಮಾತ್ರ ಸವೆಯುತ್ತ ಹೋಗುತ್ತದೆ. ಜೊತೆಗೆ ಹೋಗಿ ಎಣ್ಣೆ ನೋಡಿರಿ, ನಾಲ್ಕು ಪ್ರಶ್ನೆ ಕೇಳಿರಿ. ಭಾರವಾದ ಗುದ್ದು ಮತ್ತು ಆರದ ಕೆಂಪುದೀಪ, ಇವೆರಡಕ್ಕೆ ಗಾಡಿ ನಿಲ್ಲಲಿ. ಏರಿನ ಕಿಣಿಕಿಣಿಗೆ ಅಂದೇ ಗೇರು ಇಳಿಯಲಿ. ಮಿಕ್ಕ ಶಬ್ದಗಳಲ್ಲಿ ಹೆಚ್ಚಿನವು ಸಂತೆಯ ದಿನದವರೆಗೆ ಕಾಯಬಲ್ಲವು.