ಕಾಂಗ್ರೆಸ್ ಹುಲ್ಲು ತರುವ ಇಸುಬು

ಮಳೆ ಬಿತ್ತು ಅಂದರೆ ಸಾಕು. ಹೊಲದ ಬದು, ರಸ್ತೆಯ ಪಕ್ಕ, ಶಾಲೆಯ ಬಯಲು, ಎಲ್ಲ ಕಡೆ ಒಂದು ಗಿಡ ಏಳುತ್ತದೆ. ಎಲೆ ಸೇವಂತಿಗೆ ಎಲೆಯ ಹಾಗೆ. ತುದಿಯಲ್ಲಿ ಅಕ್ಕಿ ನುಚ್ಚು ಚೆಲ್ಲಿದಂತೆ ಬಿಳಿ ಹೂವು. ನಾವು ಇದನ್ನು ಕಾಂಗ್ರೆಸ್ ಹುಲ್ಲು ಅಂತೀವಿ. ಪಾರ್ಥೇನಿಯಂ ಎಂಬುದು ಇದರ ಇನ್ನೊಂದು ಹೆಸರು.

ಈ ಗಿಡ ಕೆಲವರ ಮೈಗೆ ಆಗುವುದಿಲ್ಲ. ಒಂದೇ ಹೊಲದಲ್ಲಿ ಹತ್ತು ಜನ ಕಳೆ ಕೀಳುತ್ತಾರೆ. ಒಬ್ಬರಿಗೆ ಮಾತ್ರ ತುರಿಕೆ ಹತ್ತುತ್ತದೆ. ಅದೂ ಮೊದಲ ದಿನವೇ ಅಲ್ಲ, ವರ್ಷಗಟ್ಟಲೆ ಕೆಲಸ ಮಾಡಿದ ಮೇಲೂ ಶುರುವಾಗಬಹುದು. ಕಣ್ಣಿನ ರೆಪ್ಪೆ ಊದುತ್ತದೆ. ಮುಖ, ಕುತ್ತಿಗೆ, ಮೊಣಕೈ ಮಡಿಕೆ ಕೆಂಪಾಗುತ್ತವೆ. ನೀರು ಒಸರುತ್ತದೆ. ಕೆರೆದು ಕೆರೆದು ಚರ್ಮ ಕಪ್ಪಾಗಿ ದಪ್ಪವಾಗುತ್ತದೆ. ಇದು ಒಂದು ಬಗೆಯ ಇಸುಬು. ಡಾಕ್ಟರು ಎಕ್ಸಿಮಾ ಅಂತಾರೆ.

ಗಿಡ ಮುಟ್ಟದಿದ್ದರೂ ಬರುತ್ತದಾ? ಬರುತ್ತದೆ. ಒಣಗಿದ ಗಿಡದ ಪುಡಿ ಗಾಳಿಯಲ್ಲಿ ಹಾರಿ ಮೈಮೇಲೆ ಕೂರುತ್ತದೆ.

ಇದು ಅಂಟುರೋಗವಾ? ಅಲ್ಲವೇ ಅಲ್ಲ. ತಟ್ಟೆ ಲೋಟ ಬೇರೆ ಇಡಬೇಡಿ. ಮಗುವನ್ನು ಮುಟ್ಟಬೇಡ ಅಂತ ತಾಯಿಗೆ ಹೇಳಬೇಡಿ. ಎಷ್ಟೋ ಮನೆಗಳಲ್ಲಿ ತುರಿಕೆಗಿಂತ ಈ ಮಾತೇ ಹೆಚ್ಚು ನೋಯಿಸುತ್ತದೆ. ಆದರೆ ಮನೆಮಂದಿಗೆಲ್ಲ ರಾತ್ರಿ ಹೊತ್ತು ತುರಿಕೆ ಇದ್ದರೆ ಅದು ಕಜ್ಜಿ ಇರಬಹುದು. ಅದು ಅಂಟುತ್ತದೆ. ಅದರ ಔಷಧಿಯೇ ಬೇರೆ.

ತುರಿಕೆ ಬಂದಾಗ ನಾವು ಏನು ಮಾಡ್ತೀವಿ? ಔಷಧಿ ಅಂಗಡಿಗೆ ಹೋಗಿ ಒಂದು ಟ್ಯೂಬು ಕೊಡಿ ಅಂತೀವಿ. ಹಚ್ಚಿದ ಎರಡು ದಿನಕ್ಕೆ ಕಡಿಮೆ ಆಗುತ್ತದೆ. ಬಿಟ್ಟರೆ ಮತ್ತೆ ಬರುತ್ತದೆ. ಮತ್ತೆ ಹಚ್ತೀವಿ. ಹೀಗೇ ತಿಂಗಳು ಕಳೆದರೆ ಮುಖದ ಚರ್ಮ ತೆಳುವಾಗುತ್ತದೆ. ಮೊಡವೆ ಏಳುತ್ತದೆ. ಅಂಥ ಟ್ಯೂಬುಗಳಲ್ಲಿ ಬಹಳ ಸಲ ಸ್ಟೀರಾಯ್ಡ್ ಎಂಬ ಔಷಧಿ ಇರುತ್ತದೆ. ಸ್ಟೀರಾಯ್ಡ್ ಕೆಟ್ಟದ್ದಲ್ಲ, ಇಸುಬಿಗೆ ಒಳ್ಳೆಯ ಮದ್ದೇ. ಆದರೆ ಅದರಲ್ಲಿ ಜೋರಿನದು, ಮೆತ್ತನೆಯದು ಎಂದು ಹಲವು ಬಗೆ ಇವೆ. ಅಂಗಾಲಿಗೆ ಹಚ್ಚುವುದನ್ನು ಮುಖಕ್ಕೆ ಹಚ್ಚಬಾರದು. ಯಾವುದು, ಎಷ್ಟು ದಿನ ಅಂತ ಡಾಕ್ಟರೇ ಹೇಳಬೇಕು. ಇಂಥ ಹಲವು ಮುಲಾಮುಗಳನ್ನು ಡಾಕ್ಟರ ಚೀಟಿ ಇಲ್ಲದೆ ಮಾರಬಾರದು ಎಂದು 2018ರಲ್ಲಿ ಸರ್ಕಾರ ನಿಯಮ ಮಾಡಿತು.

ಮುಲಾಮಿಗೂ ಒಂದು ಅಳತೆ ಇದೆ. ತೋರುಬೆರಳಿನ ತುದಿಯಿಂದ ಮೊದಲ ಗೆಣ್ಣಿನವರೆಗೆ ಹಿಂಡಿ. ಅಷ್ಟು ಎರಡು ಅಂಗೈಯಗಲ ಜಾಗಕ್ಕೆ ಸಾಕು.

ಹೊಲದಿಂದ ಬಂದ ಕೂಡಲೆ ಬಟ್ಟೆ ಬದಲಿಸಿ. ಉಗುರುಬೆಚ್ಚನೆ ನೀರಲ್ಲಿ ಸ್ನಾನ ಮಾಡಿ. ಸುಡುನೀರು ಬೇಡ, ಕಲ್ಲಿನಿಂದ ಉಜ್ಜುವುದೂ ಬೇಡ. ಮೈ ಇನ್ನೂ ಹಸಿ ಇರುವಾಗಲೇ ಕೊಬ್ಬರಿ ಎಣ್ಣೆ ಅಥವಾ ವ್ಯಾಸಲೀನ್ ಸವರಿ. ಉಗುರು ಕತ್ತರಿಸಿಕೊಳ್ಳಿ. ಸೀಮೆಎಣ್ಣೆ, ಸುಣ್ಣ ಹಚ್ಚಲೇಬೇಡಿ.

ಇಷ್ಟಕ್ಕೂ ಬಗ್ಗದಿದ್ದರೆ ಜಿಲ್ಲಾ ಆಸ್ಪತ್ರೆಯ ಚರ್ಮದ ಡಾಕ್ಟರ ಹತ್ತಿರ ಹೋಗಿ. ಅವರು ಮಾತ್ರೆ ಕೊಡಬಹುದು. ಕೆಲವು ಮಾತ್ರೆಗೆ ಆಗಾಗ ರಕ್ತ ಪರೀಕ್ಷೆ ಮಾಡಿಸಬೇಕು, ತಪ್ಪಿಸಬೇಡಿ. ಕೀವು, ಜ್ವರ ಬಂದರೆ ಅವತ್ತೇ ಹೋಗಿ.

ಇಸುಬು ಇರುವವರು ಈ ಗಿಡ ಕೀಳಬಾರದು. ಮೇಸ್ತ್ರಿಗೆ ಹೇಳಿ ಬೇರೆ ಕೆಲಸ ಕೇಳಿ. ತುಂಬು ತೋಳಿನ ಅಂಗಿ ಹಾಕಿ, ತಲೆಗೆ ಬಟ್ಟೆ ಕಟ್ಟಿ. ಮನೆಯ ಸುತ್ತಲಿನ ಗಿಡವನ್ನು ಉಳಿದವರು ಕೀಳಲಿ. ಕೈಗೆ ಪ್ಲಾಸ್ಟಿಕ್ ಚೀಲ ಕಟ್ಟಿಕೊಳ್ಳಲಿ. ಒಂದು ಗಿಡ ಸಾವಿರಾರು ಬೀಜ ಉದುರಿಸುತ್ತದೆ. ಅದಕ್ಕೇ ಹೂ ಬಿಡುವ ಮೊದಲೇ, ಮಣ್ಣು ಮೆತ್ತಗಿರುವಾಗ, ಬೇರು ಸಮೇತ ಕಿತ್ತುಬಿಡಬೇಕು.